ಮರಿ ರಕ್ಕಸನ ಚಕ್ಕುಬಂದಿ

ದೇವದುರ್ಗದ ಉಪನೋಂದಣಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಒಂದು ಕಾಲು ಗಿಡ್ಡವಾದ ಮೇಜು ಹಾಕಿಕೊಂಡು ಹಂಪಯ್ಯನವರು ಕೂರಲು ಶುರುಮಾಡಿ ನಲವತ್ತು ವರ್ಷ ಆಯಿತು. ಅವರ ಕಸುಬು ಪತ್ರ ಬರೆಯುವುದು. ಪತ್ರವೆಂದರೆ ಕ್ಷೇಮಸಮಾಚಾರದ್ದಲ್ಲ, ಹೊಲ ಮಾರಿದ ಪತ್ರ, ಮನೆ ಪಾಲಾದ ಪತ್ರ, ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ರುಜು ಹಾಕಿದ ಪತ್ರ. ತಾಲ್ಲೂಕಿನಲ್ಲಿ ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ಹೊಲದ ಮಾಲೀಕರಿಗಿಂತ ಹಂಪಯ್ಯನವರಿಗೇ ಚೆನ್ನಾಗಿ ಗೊತ್ತು ಎಂಬ ಮಾತಿದೆ. ಆ ಮಾತನ್ನು ಮೊದಲು ಹೇಳಿದವರು ಹಂಪಯ್ಯನವರೇ ಇರಬಹುದು.

ಅವರಿಗೆ ಹೆಮ್ಮೆ ಇದ್ದದ್ದು ಒಂದೇ ವಿಷಯದಲ್ಲಿ, ಅದು ಚಕ್ಕುಬಂದಿ. ಯಾವುದೇ ಜಮೀನಿನ ಪತ್ರ ಬರೆಯುವಾಗ ಅದರ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ ಎಂದು ನಾಲ್ಕು ಗಡಿ ಬರೆಯಬೇಕು. ಅದು ತಪ್ಪಿದರೆ ಎರಡು ಮನೆತನ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತವೆ. ಹಂಪಯ್ಯನವರ ಒಂದು ಚಕ್ಕುಬಂದಿಯೂ ಇದುವರೆಗೆ ತಪ್ಪಿ ವಾಪಸು ಬಂದಿರಲಿಲ್ಲ.

ಇಂಥವರಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಮಕ್ಕಳ ಕಾದಂಬರಿ ಬರೆಯುವ ಉಸಾಬರಿ ಯಾಕೆ ಬೇಕಿತ್ತು ಎಂದು ಕೇಳಿದವರು ಬಹಳ. ಕಚೇರಿಯ ಸುತ್ತ ಕಂಪ್ಯೂಟರ್ ಅಂಗಡಿಗಳು ಎದ್ದವು, ಗಿರಾಕಿಗಳು ಅತ್ತ ಸರಿದರು, ಇವರ ಮೇಜಿನ ಮೇಲೆ ಬೇವಿನ ಎಲೆ ಬೀಳುವುದೇ ಹೆಚ್ಚಾಯಿತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ಹಂಪಯ್ಯನವರು ಕೆಟ್ಟುಹೋದ ಕಾಗದಗಳ ಬೆನ್ನ ಮೇಲೆ ಕಥೆ ಬರೆಯತೊಡಗಿದರು. ಒಂದು ವರ್ಷಕ್ಕೆ ಅದು ಹದಿನಾಲ್ಕು ಅಧ್ಯಾಯವಾಗಿ ಬೆಳೆಯಿತು. ಹೆಸರು: ‘ಮಧ್ಯಾಹ್ನ ಬಾರದ ನಾಡು’.

ಕಥೆ ಹೀಗೆ. ಒಂದು ನಾಡಿನಲ್ಲಿ ಮೂರಾಳೆತ್ತರದ ಒಬ್ಬ ಮರಿ ರಕ್ಕಸ ಹುಣಸೆಮರದ ಬುಡದಲ್ಲಿ ಕೂತಿದ್ದಾನೆ. ಅವನ ತಾಯಿ, ‘ಇಲ್ಲೇ ಕೂತಿರು, ಮಧ್ಯಾಹ್ನಕ್ಕೆ ಊಟ ತರುತ್ತೇನೆ’ ಎಂದು ಹೇಳಿ ಹೋಗಿದ್ದಾಳೆ. ಆದರೆ ಆ ನಾಡಿನಲ್ಲಿ ಮಧ್ಯಾಹ್ನವೇ ಆಗುವುದಿಲ್ಲ. ಸೂರ್ಯನ ಕಚೇರಿಯ ಗುಮಾಸ್ತ ಮಧ್ಯಾಹ್ನದ ಕಡತವನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದವನು ಮುನ್ನೂರು ವರ್ಷವಾದರೂ ಬಂದಿಲ್ಲ. ಹೊತ್ತು ಹನ್ನೊಂದಕ್ಕೇ ನಿಂತಿದೆ. ಎಂಟು ವರ್ಷದ ಒಬ್ಬ ಹುಡುಗಿ ಆ ಕಡತ ಬಿಡಿಸಲು ಮೋಡದಿಂದ ಮೋಡಕ್ಕೆ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಹೋದಲ್ಲೆಲ್ಲ ‘ನಾಳೆ ಬಾ’ ಎನ್ನುತ್ತಾರೆ. ಕೊನೆಗೆ ಕಡತ ಬಿಡುಗಡೆಯಾಗಿ, ಸೂರ್ಯ ಜರುಗಿ, ಮಧ್ಯಾಹ್ನವಾಗುತ್ತದೆ. ದೂರದ ಬದುವಿನ ಮೇಲೆ ತಾಯಿ ಬರುವುದು ಕಾಣುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಹಂಪಯ್ಯನವರ ಮಗಳು ವಿಶಾಖಾ ಮಾನ್ವಿಯಲ್ಲಿ ಹೈಸ್ಕೂಲು ಟೀಚರು. ಹಸ್ತಪ್ರತಿ ಓದಿ ಆಕೆ ತಲೆ ಮೇಲೆ ಕೈ ಹೊತ್ತು ಕೂತಳು. ಕಥೆ ಅವಳಿಗೆ ಹಿಡಿಸಿತ್ತು, ಭಾಷೆ ನೋಡಿ ಗಾಬರಿಯಾಗಿತ್ತು. ‘ಸದರಿ ರಕ್ಕಸನು ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಬುದ್ಧಿ ಸ್ವಾಧೀನದಲ್ಲಿರುವಾಗಲೇ ಗರ್ಜಿಸಿದನು’ ಎಂದು ಬರೆದಿದ್ದರು.

"ಅಪ್ಪಾ, ಹುಡುಗ್ರು ಓದೋ ಪುಸ್ತಕದಾಗ ‘ಸದರಿ’ ಯಾಕ?" ಎಂದಳು.

"ಮತ್ತ ಯಾವ ರಕ್ಕಸ ಅಂತ ಅವಕ್ಕ ಹ್ಯಾಂಗ ತಿಳೀಬೇಕು?" ಎಂದರು ಹಂಪಯ್ಯ. ಒಂದಕ್ಷರ ತಿದ್ದಲು ಬಿಡಲಿಲ್ಲ.

ರಾಯಚೂರಿನ ಬಸವಲಿಂಗನ ಪ್ರೆಸ್ಸಿನಲ್ಲಿ ಐನೂರು ಪ್ರತಿ ಅಚ್ಚಾದವು. ಮಾನ್ವಿಯ ಮಕ್ಕಳು ಆ ‘ಸದರಿ’ಗೇ ಮರುಳಾದರು. ಸದರಿ ಟೀಚರು, ಸದರಿ ಉಪ್ಪಿಟ್ಟು, ಸದರಿ ಹೋಮ್‌ವರ್ಕು ಎಂದು ಶಾಲೆಗೆ ಶಾಲೆಯೇ ಹುಚ್ಚೆದ್ದಿತು. ದೊಡ್ಡವರು ಮಕ್ಕಳ ಕೈಯಿಂದ ಕಿತ್ತುಕೊಂಡು ಓದಿದರು. ತಹಶೀಲಿನ ಗುಮಾಸ್ತರೊಬ್ಬರು ಪುಸ್ತಕ ಓದಿ, ಎರಡು ದಿನ ಚಹಾಕ್ಕೆ ಎದ್ದುಹೋಗಲಿಲ್ಲವಂತೆ. ಮೂರನೆಯ ದಿನ ಹೋದರು. ಗಿಲ್ಲೆಸುಗೂರಿನ ಒಬ್ಬ ಹೆಣ್ಣುಮಗಳು ಫೋನು ಮಾಡಿ, ತನ್ನ ಗಂಡ ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತರೆಂದೂ, ನೋಡಲು ಚೆನ್ನಾಗಿತ್ತೆಂದೂ ಹೇಳಿದಳು.

ಆದರೆ ಮಕ್ಕಳು ಒಂದು ಪ್ರಶ್ನೆ ಹಿಡಿದುಕೊಂಡವು. ರಕ್ಕಸ ಉಂಡನೋ ಇಲ್ಲವೋ? ದಾರಿಯಲ್ಲಿ ಸಿಕ್ಕಾಗ ಕೇಳಿದವು, ಫೋನಿನಲ್ಲಿ ಕೇಳಿದವು, ಒಂದು ಮಗು ಶೌಚಾಲಯದ ಬಾಗಿಲು ಬಡಿದು ಕೇಳಿತು. ಹಂಪಯ್ಯನವರದು ಒಂದೇ ಉತ್ತರ: "ಪತ್ರದಾಗ ಎಷ್ಟು ಅದ ಅಷ್ಟ. ಹೊರಗಿಂದು ನನಗ ಗೊತ್ತಿಲ್ಲ."

ಗೊತ್ತಿಲ್ಲವೆಂದರೆ ಮಕ್ಕಳು ಸುಮ್ಮನಿರುವ ಜಾತಿಯೇ? ಅವು ತಾವೇ ನೋಡಲು ಹೊರಟವು. ಹುಡುಕುವುದು ಕಷ್ಟವಿರಲಿಲ್ಲ, ಯಾಕೆಂದರೆ ಹಂಪಯ್ಯನವರು ಅಭ್ಯಾಸಬಲದಿಂದ ಮೊದಲನೆಯ ಪುಟದಲ್ಲಿಯೇ ನಾಡಿನ ಚಕ್ಕುಬಂದಿ ಬರೆದುಬಿಟ್ಟಿದ್ದರು. ‘ಗೂಗಲ್ ಗ್ರಾಮಕ್ಕೆ ಹೋಗುವ ದಾರಿಯ ಎಡಕ್ಕೆ, ಪೂರ್ವಕ್ಕೆ ಜೋಡಿ ಹುಣಸೆಮರ, ಪಶ್ಚಿಮಕ್ಕೆ ಹಾಳುಬಾವಿ, ಉತ್ತರಕ್ಕೆ ಕೃಷ್ಣೆಗೆ ಇಳಿಯುವ ಬಂಡಿಜಾಡು, ದಕ್ಷಿಣಕ್ಕೆ ಮಲಗಿದ ಎಮ್ಮೆಯಂಥ ಕರಿಕಲ್ಲು. ಇವುಗಳ ನಡುವೆ ಇರುವುದೇ ಸದರಿ ನಾಡು.’ ಭೂಮಿಯ ಮೇಲಿಲ್ಲದ ನಾಡಿಗೆ ಇಷ್ಟು ಕರಾರುವಾಕ್ಕಾದ ಗಡಿ ಬರೆಯುವ ತಪ್ಪನ್ನು ಪತ್ರ ಬರಹಗಾರನಲ್ಲದೆ ಬೇರೆ ಯಾರೂ ಮಾಡಲಾರರು.

ಭಾನುವಾರ ಭಾನುವಾರ ದೇವದುರ್ಗದ ಮಕ್ಕಳು ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದವು. ರಕ್ಕಸ ಕಾಣಲಿಲ್ಲ. ಹಸಿದಿರುತ್ತಾನೆ ಪಾಪ ಎಂದು ಮರದ ಬುಡದಲ್ಲಿ ಚಿತ್ರಾನ್ನ, ಚಪಾತಿ, ಬಿಸ್ಕತ್ತು ಇಟ್ಟು ಬಂದವು. ಮರುವಾರ ಹೋಗಿ ನೋಡಿದರೆ ಡಬ್ಬಿ ಖಾಲಿ. ಸರಿ, ರಕ್ಕಸನೇ ತಿಂದನೆಂಬ ಸುದ್ದಿ ಮಾನ್ವಿಯವರೆಗೂ ಹೋಯಿತು.

ಒಂದು ಗುರುವಾರ ಬೇವಿನ ಮರದ ಎದುರು ಆಟೋ ನಿಂತಿತು. ಇಳಿದವರು ಶಹಜಾದಿ ಬೇಗಂ. ಆ ಹೊಲದ ಒಡತಿ, ಎಪ್ಪತ್ತರ ಹತ್ತಿರದವರು, ಗಂಡ ಹೋದ ಮೇಲೆ ಬೇಸಾಯವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಬೇರು ಸಹಿತ ಕಿತ್ತ ಶೇಂಗಾ ಗಿಡಗಳ ಒಂದು ಹೊರೆಯನ್ನು ತಂದು ಹಂಪಯ್ಯನವರ ಮೇಜಿನ ಮೇಲೆ ಇಳಿಸಿದರು. ಮೇಜು ಗಿಡ್ಡಕಾಲಿನ ಕಡೆಗೆ ವಾಲಿತು.

"ಇದೇನ್ರಿ ಅಮ್ಮಾರ?" ಎಂದರು ಹಂಪಯ್ಯ.

"ನಿಮ್ಮ ಪುಸ್ತಕ ಮಾಡಿದ ಕೆಲಸ," ಎಂದರು ಬೇಗಂ. "ಹುಡುಗ್ರು ಚಿತ್ರಾನ್ನ ಇಟ್ಟು ಹೋಗ್ತಾರ. ಮಂಗ್ಯಾಗಳು ಚಿತ್ರಾನ್ನ ಉಂಡು, ಬಾಯಾಡಸಾಕ ನನ್ನ ಶೇಂಗಾ ಕೀಳಾಕತ್ತಾವ. ಹೋದ ಐತವಾರ ಒಂದು ಹುಡುಗಿ ಬಂದು, ರಕ್ಕಸನ ಅವ್ವ ನೀವೇ ಏನ್ರಿ ಅಂತ ನನ್ನ ಕೇಳಿತು."

ಹಂಪಯ್ಯನವರು ನಗು ಮುಚ್ಚಿಕೊಳ್ಳಲು ಕೆಮ್ಮಿದರು.

"ಹೊಲ ನಂದು, ನಾಡು ನಿಮ್ದು. ಇದು ಯಾವ ಕಾನೂನು?"

"ಅದು ಕಥಿ ಅಮ್ಮಾರ. ಯಾವುದೋ ಹಳೇ ಖರೀದಿ ಪತ್ರದಾಗಿನ ಚಕ್ಕುಬಂದಿ ಕೈಗೆ ಸಿಕ್ತು, ಎತ್ತಿ ಹಾಕಿದೆ. ಅದು ನಿಮ್ಮ ಹೊಲದ್ದು ಅಂತ ನನಗೇನು ಗೊತ್ತು."

"ಈಗ ಗೊತ್ತಾತಲ್ಲ. ಎರಡನೇ ಸಲ ಅಚ್ಚು ಹಾಕಸಾಕತ್ತೀರಂತ. ಅದರಾಗ ನಾಡು ಎತ್ತಿ ಬ್ಯಾರೆ ಕಡಿ ಇಡ್ರಿ. ಯಾಪಲದಿನ್ನಿ ಕಡಿ ಇಟ್ರೂ ಆತು, ಅಲ್ಲಿ ನಮ್ಮ ನಾದಿನಿ ಹೊಲ ಅದ, ಆಕೀಗೂ ಸ್ವಲ್ಪ ಮಂಗ್ಯಾನ ಕಾಟ ಆಗ್ಲಿ. ಇಲ್ಲಾಂದ್ರ ವಕೀಲರ ನೋಟಿಸು ಬರ್ತದ."

ಶೇಂಗಾ ಗಿಡ ಅಲ್ಲೇ ಬಿಟ್ಟು ಆಟೋ ಹತ್ತಿದರು.

ಬೇಗಂ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪುಸ್ತಕದ ಎರಡನೆಯ ಅಚ್ಚು ಸೋಮವಾರ ಬಸವಲಿಂಗನ ಪ್ರೆಸ್ಸಿಗೆ ಹೋಗಬೇಕಿತ್ತು. ಅಷ್ಟರೊಳಗೆ ನಾಲ್ಕು ಗಡಿ ಬದಲಿಸಿದರೆ ಮುಗಿಯಿತು. ಸಾವಿರಾರು ಹೊಲಗಳ ಗಡಿ ಬರೆದ ಮನುಷ್ಯನಿಗೆ ಅದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಶನಿವಾರ ವಿಶಾಖಾ ಮಾನ್ವಿಯಿಂದ ಬಂದಾಗ ಹಂಪಯ್ಯನವರು ಪಡಸಾಲೆಯಲ್ಲಿ, ಬುದ್ಧನ ಕ್ಯಾಲೆಂಡರಿನ ಕೆಳಗೆ, ಮೊದಲ ಪುಟದ ಕರಡು ಹಿಡಿದು ಕೂತಿದ್ದರು. ‘ಜೋಡಿ ಹುಣಸೆಮರ’ ಹೊಡೆದು ‘ಆಲದಮರ’ ಬರೆದಿದ್ದರು. ‘ಆಲದಮರ’ ಹೊಡೆದು ಮತ್ತೆ ‘ಜೋಡಿ ಹುಣಸೆಮರ’ ಬರೆದಿದ್ದರು. ಹೀಗೆ ಆರು ಸಲ ಆಗಿತ್ತು. ಕಾಗದ ತೂತು ಬಿದ್ದಿತ್ತು.

"ಯಾವುದೋ ಪತ್ರದಾಗಿನ ಗಡಿ ಅಂತೀರಿ, ಬದಲು ಮಾಡಾಕ ಏನು ಕಷ್ಟ?" ಎಂದಳು ವಿಶಾಖಾ.

"ನಿನಗ ತಿಳಿಯಂಗಿಲ್ಲ, ಸುಮ್ಮನಿರು," ಎಂದು ಗದರಿದರು. ಮಗಳನ್ನು ಹಾಗೆ ಗದರುವವರಲ್ಲ. ಅವಳಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು.

ಭಾನುವಾರ ಬೆಳಿಗ್ಗೆ ಬೇಗಂ ಹೇಳಿಕಳಿಸಿದರು, ಹೊಲಕ್ಕೇ ಬರಬೇಕಂತೆ. ವಿಶಾಖಾಳ ಸ್ಕೂಟಿಯ ಹಿಂದೆ, ಕರಡು ಎದೆಗೆ ಅವಚಿಕೊಂಡು ಹಂಪಯ್ಯನವರು ಹೋದರು. ಹುಣಸೆಮರದ ನೆರಳಿಗೆ ಹೊರಸು ಹಾಕಿಸಿಕೊಂಡು, ಮಂಗ ಓಡಿಸಲು ಪಕ್ಕದಲ್ಲಿ ಕೋಲಿಟ್ಟುಕೊಂಡು ಬೇಗಂ ಕೂತಿದ್ದರು. ದೂರದಲ್ಲಿ ಏಳೆಂಟು ಮಕ್ಕಳು ಡಬ್ಬಿ ಹಿಡಿದು, ಕೋಲಿಗೆ ಹೆದರಿ ನಿಂತಿದ್ದವು. ಹೊರಸಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಕಾಗದಗಳಿದ್ದವು.

"ಮೊಮ್ಮಗಳ ಕಡಿಂದ ನಿಮ್ಮ ಪುಸ್ತಕ ಓದಿಸಿ ಕೇಳಿದೆ," ಎಂದರು ಬೇಗಂ. "ಒಂದು ಮಾತು ಕೇಳ್ತೀನಿ. ಈ ಹೊಲ ನಮ್ಮ ಮಾವನವರ ಅಪ್ಪನ ಕಾಲದಿಂದ ನಮ್ಮದು. ನಿಜಾಮರ ಕಾಲದ ಕಾಗದ ಅದ, ಇವತ್ತಿನ ಪಹಣಿ ಅದ. ಒಮ್ಮಿನೂ ಮಾರಿಲ್ಲ. ಪಾಲಾಗಿಲ್ಲ. ಮಾರಲಾರದ ಹೊಲದ ಖರೀದಿ ಪತ್ರ ನಿಮ್ಮ ಕೈಗೆ ಎಲ್ಲಿ ಸಿಕ್ತು?"

ಸುಳ್ಳು ಸಾಕ್ಷಿಗಳನ್ನು ಮೇಜಿನ ಆಚೆಯಿಂದ ನಲವತ್ತು ವರ್ಷ ನೋಡಿದ ಹಂಪಯ್ಯನವರು ಈಗ ಅವರಂತೆಯೇ ನೆಲ ನೋಡುತ್ತ ನಿಂತರು.

"ಪತ್ರ ಇಲ್ರಿ ಅಮ್ಮಾರ," ಎಂದರು. "ಸುಳ್ಳು ಹೇಳಿದೆ."

"ಮತ್ತ?"

"ನಮ್ಮವ್ವ ಇದೇ ಹೊಲಕ್ಕ ಕಳೆ ತಗ್ಯಾಕ ಬರ್ತಿದ್ಲು. ನನಗ ಆರೋ ಏಳೋ ವರ್ಷ. ಈ ಗಿಡದ ಬುಡಕ್ಕ ಕುಂದರಸಿ, ಎಲ್ಲೂ ಹೋಗಬ್ಯಾಡ, ಮಧ್ಯಾಹ್ನಕ್ಕ ಬರ್ತೀನಿ ಅಂತಿದ್ಲು. ನಾ ನಾಕೂ ದಿಕ್ಕ ನೋಡಿಕೋತ ಕುಂದರತಿದ್ದೆ. ಈ ಗಿಡ, ಆ ಬಾವಿ, ಬಂಡಿಜಾಡು, ಕರಿಕಲ್ಲು. ಬ್ಯಾರೆ ನೋಡಾಕ ಏನಿತ್ತು. ಹಸಿವು ಅಂದ್ರ ಹಸಿವು. ಮಧ್ಯಾಹ್ನ ಅನ್ನೋದು ಬರ್ತಿರಲಿಲ್ಲ."

ವಿಶಾಖಾ ತಂದೆಯನ್ನೇ ನೋಡುತ್ತ ನಿಂತಳು. ಮೂವತ್ತನಾಲ್ಕು ವರ್ಷದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

"ಬಂದ ಮ್ಯಾಲ ಉಂಡ್ರೋ ಇಲ್ಲೋ?" ಎಂದು ಬೇಗಂ ಕೇಳಿದರು. ಮಕ್ಕಳೂ ಕೋಲಿನ ಭಯ ಮರೆತು ಹತ್ತಿರ ಬಂದಿದ್ದವು.

"ನಾ ಉಂಡೆ. ಬುತ್ತಿಯಾಗ ಒಂದೂವರಿ ರೊಟ್ಟಿ ಇರ್ತಿದ್ದವು, ಅಷ್ಟೂ ನಾನ ಉಣ್ತಿದ್ದೆ. ಆಕಿ, ನಂದು ಊಟ ಆಗ್ಯದ, ನೀ ತಿನ್ನು ಅಂತಿದ್ಲು. ಎಲ್ಲಿ ಆಗಿತ್ತು? ಅದು ನನಗ ತಿಳಿಯೋ ಹೊತ್ತಿಗಿ ಆಕಿನ ಇರಲಿಲ್ಲ." ಹಂಪಯ್ಯನವರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ರಕ್ಕಸ ಉಂಡ ಅಂತ ಬರದ್ರ ಕಥಿ ಮುಗೀತದ. ಅವನ ಅವ್ವ ಉಂಡ್ಲಾ ಅಂತ ಯಾರೂ ಕೇಳಂಗಿಲ್ಲ. ಅದಕ್ಕ ಅಲ್ಲೇ ನಿಂದರಿಸಿದೆ."

ಬೇಗಂ ಕಾಗದದ ಚೀಲವನ್ನು ಹೊರಸಿನ ಒಂದು ಬದಿಗೆ ಸರಿಸಿದರು.

"ನಾ ಆಗಿನ್ನಾ ಈ ಮನಿಗೆ ಬಂದಿರಲಿಲ್ಲ," ಎಂದರು ಆಮೇಲೆ. "ನಮ್ಮ ಅತ್ತಿ ಇದ್ರು. ಆಳು ಎಣಿಸೋರು. ಆಳಿನ ಹಿಂದ ಬಂದ ಕೂಸು ಎಣಿಸ್ತಿರಲಿಲ್ಲ." ಕೋಲು ನೆಲಕ್ಕಿಟ್ಟರು. "ಪೆನ್ನು ತಗೀರಿ. ನಾಡು ಇಲ್ಲೇ ಇರಲಿ. ಊಟ ಬರೀರಿ. ತಾಯಿಗೆ ಮೊದಲು, ಮಗಗ ಆಮ್ಯಾಲ. ನನ್ನ ಹೊಲದಾಗ ಉಣ್ಣಾಕತ್ತಾರ, ನಾ ಹೇಳಿದಂಗ ಆಗ್ಬೇಕು. ಇಬ್ರೂ ಉಂಡ್ರು ಅಂತ ಗೊತ್ತಾದ್ರ ಈ ಹುಡುಗ್ರೂ ಬುತ್ತಿ ತರೋದು ಬಿಡ್ತಾರ, ನನ್ನ ಶೇಂಗಾ ಉಳೀತದ."

ಹಂಪಯ್ಯನವರು ಹೊರಸಿನ ತುದಿಗೆ ಕೂತು ಕರಡಿನ ಕೊನೆಯ ಪುಟ ತೆಗೆದರು.

"ರೊಟ್ಟಿ ಎಷ್ಟು ಅಂತ ಹಾಕ್ಲಿ? ಹನ್ನೆರಡು?"

"ಮೂರಾಳು ಎತ್ತರದವಗ ಹನ್ನೆರಡಾ? ನಮ್ಮ ಮರ್ಯಾದಿ ತಗೀಬ್ಯಾಡ್ರಿ. ತಾಯಿಗೆ ನಲವತ್ತು, ಮಗಗ ನಲವತ್ತು. ಪುಂಡಿಪಲ್ಯ ಹಾಕ್ರಿ, ಶೇಂಗಾ ಚಟ್ನಿ ಹಾಕ್ರಿ, ಗಡಿಗಿ ಮೊಸರು ಹಾಕ್ರಿ."

"ಉಪ್ಪಿನಕಾಯಿ," ಎಂದಿತು ಒಂದು ಮಗು.

"ಅದೂ ಹಾಕ್ರಿ."

ಬರೆದು ಮುಗಿಸಿ, ಪತ್ರ ಮಾಡಿಸಿದವರಿಗೆ ಓದಿ ಹೇಳುವಂತೆ ಹಂಪಯ್ಯನವರು ಗಟ್ಟಿಯಾಗಿ ಓದಿದರು. ತಾಯಿ ಕೂತು ಉಣ್ಣುವ ಸಾಲನ್ನು ಎರಡು ಸಲ ಓದಿದರು. ವಿಶಾಖಾಳಿಗೆ ಅಳು ಬಂತು. ಮಕ್ಕಳಿಗೆ ಮಾತ್ರ ಪರಮಾನಂದವಾಗಿ, ತಂದಿದ್ದ ಡಬ್ಬಿಗಳನ್ನು ಬಿಚ್ಚಿ ತಾವೇ ತಿನ್ನತೊಡಗಿದವು.

"ಎಲ್ಲಾ ಸರಿ ಅದ," ಎಂದರು ಬೇಗಂ. "ಆದ್ರ ರಕ್ಕಸನ ತಾಯಿಗೆ ಹೆಸರ ಇಲ್ಲ. ಮನಿಗೆ ಊಟಕ್ಕ ಬಂದಾಕಿನ್ನ ಏನಂತ ಕರೀಬೇಕು? ನಿಮ್ಮ ಅವ್ವನ ಹೆಸರೇನ್ರಿ?"

"ಬಸ್ಸಮ್ಮ."

"ಹಂಗಂತ ಬರೀರಿ."

ತಾಲ್ಲೂಕಿನ ಅರ್ಧ ಜನರ ಹೆಸರು ಬರೆದ ಕೈ ಅದು. ಕೊಟ್ಟವರು, ಕೊಂಡವರು, ಸಾಕ್ಷಿ ಹಾಕಿದವರು, ಎಲ್ಲರ ಹೆಸರೂ ಬರೆದಿತ್ತು. ಅವ್ವನ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ, ಯಾಕೆಂದರೆ ಬರೆಯಲು ಅವಳ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ. ಹಂಪಯ್ಯನವರು ಪೆನ್ನನ್ನು ಎರಡು ಸಲ ಝಾಡಿಸಿ, ದುಂಡಗೆ, ನಿಧಾನವಾಗಿ ಬರೆದರು. ಬರೆದದ್ದು ಒಣಗಲೆಂದು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲಿಯೇ ಕೂತರು.