ದೊಡ್ಡಮ್ಮ ಹೊತ್ತು ತಂದ ಕೆಂಡ

ಮೊನ್ನೆ ಕನಕಪುರದ ನೆಂಟರ ಮನೆಯಲ್ಲಿ ಬಾಣಂತಿಯ ಕೂದಲು ಒಣಗಿಸಲು ಬೆರಣಿ ಕೆಂಡಕ್ಕೆ ಸಾಂಬ್ರಾಣಿ ಹಾಕಿದ್ದರು. ಆ ಹೊಗೆ ಮೂಗಿಗೆ ತಾಕಿದ್ದೇ ತಡ, ನಮ್ಮ ಹಳೆಯ ಊರಿನ ಎದುರುಮನೆ ದೊಡ್ಡಮ್ಮ ನೆನಪಾದರು...

ಹಾರೋಹಳ್ಳಿ ಸುತ್ತಮುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನಾನು ಜಾನಪದ ಎಂ.ಎ. ಓದುತ್ತಿದ್ದೆ. ದೇಶದೇಶಗಳ ಪುರಾಣಗಳು, ಅವು ಹುಟ್ಟಿದ್ದು ಹೇಗೆಂದು ಪಂಡಿತರು ಕಟ್ಟಿದ ಸಿದ್ಧಾಂತಗಳು. ಒಬ್ಬರಿಗೆ ದೇವರೆಲ್ಲ ಸೂರ್ಯನೇ, ಇನ್ನೊಬ್ಬರಿಗೆ ಎಲ್ಲವೂ ಮನಸ್ಸಿನೊಳಗಿನ ಭಯ. ಮೊದಲು ಬಂದದ್ದು ಆಚರಣೆ, ಅದಕ್ಕೊಂದು ಕಾರಣ ಬೇಕಾಗಿ ಕತೆ ಆಮೇಲೆ ಹುಟ್ಟಿತು ಅನ್ನುವವರು ಬೇರೆ. ಪರೀಕ್ಷೆಗೆಂದು ಎಲ್ಲವನ್ನೂ ಉರು ಹೊಡೆದಿದ್ದೆ, ಒಂದನ್ನೂ ನಂಬಿರಲಿಲ್ಲ.

ದೊಡ್ಡಮ್ಮ ಪ್ರತಿ ಮಂಗಳವಾರ ದೀಪ ಹಚ್ಚುತ್ತಿದ್ದ ಮಾರಮ್ಮನ ಕಲ್ಲು ಅವರ ಹೊಲದಲ್ಲಿತ್ತು. ಹೊಲ ಕಾರ್ಖಾನೆಗೆ ಹೋಯಿತು. ಕಲ್ಲು ನೆಲದೊಳಗಿನ ಬಂಡೆಯದೇ ತುದಿ, ಕಿತ್ತು ತರುವಂತಿರಲಿಲ್ಲ. ಕಾಂಪೌಂಡ್ ಏಳುವ ಹೊತ್ತಿಗೆ ಸರಿಯಾಗಿ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಾರಮ್ಮನನ್ನು ಗೋಡೆಯೊಳಗೆ ಬಿಟ್ಟು ಬಂದರೆ ಅವಳ ಸಿಟ್ಟು ಬಸುರಿಯ ಮೇಲೆ ತಿರುಗುತ್ತದೆಂದು ದೊಡ್ಡಮ್ಮನಿಗೆ ಅನ್ನ ಸೇರದಾಯಿತು.

ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತರು.

“ಯಾವ್ಯಾವ್ದೋ ದೇಸದ ದೇವ್ರ ಕತೆ ಓದ್ತೀಯಲ್ಲವ್ವ, ಆ ಜನ ಊರು ಬುಟ್ಟೋಗೋವಾಗ ದೇವ್ರನ್ನ ಏನ್ ಮಾಡ್ತಿದ್ರಂತೆ?”

ಹಳೆಯ ಗ್ರೀಸಿನಲ್ಲಿ ಹೊಸ ಊರು ಕಟ್ಟಲು ಹೊರಟವರು ಹಳೆಯ ಊರಿನ ಒಲೆಯಿಂದ ಬೆಂಕಿ ಒಯ್ಯುತ್ತಿದ್ದರೆಂದು ಓದಿದ್ದೆ. ಅದನ್ನೇ ಹೇಳಿದೆ.

“ಕಲ್ಲು ಬ್ಯಾಡ್ವಾ?”

“ಬೇಡ ದೊಡ್ಡಮ್ಮ, ಬೆಂಕಿ ಸಾಕು.”

ಹೇಳಿದ್ದೇನೋ ಹೇಳಿದೆ, ಆಮೇಲೆ ಹೆದರಿಕೆ ಹತ್ತಿತು. ಹೆರಿಗೆಯಲ್ಲಿ ಏನಾದರೂ ಆದರೆ? ಆ ಮಂಗಳವಾರ ದೊಡ್ಡಮ್ಮ ವಾಚ್‌ಮನ್‌ನನ್ನು ಕೇಳಿಕೊಂಡು ಒಳಗೆ ಹೋದರು. ಕಲ್ಲಿನ ಮುಂದೆ ಬೆರಣಿ ಉರಿಸಿ, ಕೆಂಡವನ್ನು ಹೊಸ ಮಡಕೆಯಲ್ಲಿ ಹೊತ್ತು ತಂದು ಕೆರೆ ಏರಿಯ ಬೇವಿನ ಬುಡದಲ್ಲಿಟ್ಟರು.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. “ಒಪ್ಕೊಂಡ್ಬುಟ್ಲು ಕಣವ್ವ, ಅಮ್ಮ ಒಪ್ಕೊಂಡ್ಬುಟ್ಲು!” ಎಂದು ದೊಡ್ಡಮ್ಮ ಅಳುತ್ತಾ ನಗುತ್ತಾ ನನ್ನ ಕೆನ್ನೆ ಹಿಂಡಿದರು. ನಾನು ದೇವರನ್ನು ಅಷ್ಟಾಗಿ ನಂಬುವವಳಲ್ಲ. ಆದರೂ ಅಬ್ಬಾ ಎಂದು ಉಸಿರು ಬಿಟ್ಟೆ. ಎಂ.ಎ. ಪಾಸಾದಾಗಲೂ ಮನಸ್ಸು ಅಷ್ಟು ಹಗುರಾಗಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ಬೇವಿನ ಬುಡದಲ್ಲಿ ಕಲ್ಲಿನ ಬದಲು ಕೆಂಡ ಯಾಕೆಂದು ಕೇಳಿದರು. ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡದೆ ಶುರು ಮಾಡಿದರು: ಅಮ್ಮನೇ ಮುತ್ತೈದೆಯಾಗಿ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡು ನಡೆದು ಬಂದಳಂತೆ, ಸೆರಗು ಒಸಿಯೂ ಸುಡಲಿಲ್ಲವಂತೆ! ಗ್ರೀಸೂ ಇಲ್ಲ, ನಾನೂ ಇಲ್ಲ. ಆಚರಣೆಯ ಹಿಂದೆಯೇ ಕತೆ ಹುಟ್ಟಿದ್ದನ್ನು ಕಣ್ಣಾರೆ ಕಂಡು ಬಾಯಿಗೆ ಸೆರಗು ಹಿಡಿದು ನಕ್ಕೆ. ಅವತ್ತು ಒಂದು ಸಿದ್ಧಾಂತವನ್ನಾದರೂ ನಂಬಿದೆ.

ದೊಡ್ಡಮ್ಮ ಹೋಗಿ ವರ್ಷಗಳಾದವು... ಮೊನ್ನೆ ಕನಕಪುರದಿಂದ ಬರುವಾಗ ಹಳೆಯ ಊರಿನ ಕೆರೆ ಏರಿಯ ಹತ್ತಿರ ಇಳಿದೆ. ಬೇವಿನ ಬುಡದಲ್ಲಿ ಸಿಮೆಂಟಿನ ಗುಡಿಯಾಗಿದೆ. ಕಂಪನಿ ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಕೆಂಡ ಊದುತ್ತಿದ್ದಳು. ಕೇಳಿದ್ದಕ್ಕೆ, “ಅಮ್ಮ ಮಡ್ಲಲ್ಲಿ ಕೆಂಡ ಕಟ್ಕೊಂಡು ಬಂದ್ಲಂತೆ ಅಕ್ಕ, ನಮ್ ಮುತ್ತಾತ್ನ ಕಾಲ್ದಲ್ಲಿ” ಎಂದಳು.

ಮುತ್ತಾತನ ಕಾಲವಲ್ಲ, ಹೊತ್ತು ತಂದವರನ್ನು ನಾನು ಬಲ್ಲೆ ಎನ್ನಲು ಬಾಯಿ ತೆರೆದವಳು, ಅದರ ಬದಲು ಚಪ್ಪಲಿ ಬಿಟ್ಟು ಕೈಮುಗಿದು, “ಬತ್ತೀನಿ ದೊಡ್ಡಮ್ಮ” ಎಂದೆ. ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಊದತೊಡಗಿದಳು.