ಇಸಿಜಿ ಹಿಡಿದು ಬಂದವರು

ಹೋದ ವಾರ ಕನ್ನಡ ಸಂಘದ ಹಾಲ್‌ನಲ್ಲಿ ನಾವು ಇಟ್ಟುಕೊಂಡಿದ್ದ ಕಾರ್ಯಕ್ರಮಕ್ಕೆ ಜನ ಇಸಿಜಿ ಹಿಡಿದುಕೊಂಡು ಬಂದರು.

ತಮಾಷೆ ಮಾಡುತ್ತಿಲ್ಲ. ಕೆಲವರು ಆ ಉದ್ದನೆಯ ಕಾಗದವನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಒಬ್ಬರ ಕೈಯಲ್ಲಿ ಎಕ್ಸ್‌ರೇ. ನಮ್ಮ ಓಣಿಯ ಸಿಂಧು ಕಾಕೂ ಬೆಳಗ್ಗೆಯಿಂದ ಚಹಾ ಕೂಡ ಕುಡಿದಿರಲಿಲ್ಲ. ("ರಕ್ತ ತಗೀತಾರೇನೋ ಅಂತ ಖಾಲಿ ಹೊಟ್ಟೀಲೆ ಬಂದೀನವಾ.") ಕಳಮನಾ ಮಾರ್ಕೆಟ್ಟಿನಿಂದ ತರಿಸಿದ್ದ ಸಂತ್ರದ (ನಿಮ್ಮ ಕಿತ್ತಳೆ) ಬುಟ್ಟಿ ಅವರ ಎದುರಿಗೇ ಇತ್ತು. ಪಾಪ, ಅದನ್ನೇ ನೋಡುತ್ತ ಕೂತಿದ್ದರು.

ತಪ್ಪು ಅವರದಲ್ಲ.

ನನ್ನ ತಮ್ಮ ರವಿ ಹೋಗಿ ಮೂರು ವರ್ಷವಾಯಿತು. ಈ ಅಂಕಣದಲ್ಲಿ ಹಾಲಿನವನ ಬಗ್ಗೆ ಬರೆದಿದ್ದೇನೆ, ನಾಗಪುರದ ಮೇ ತಿಂಗಳಲ್ಲಿ ಕೈಕೊಡುವ ಕೂಲರ್ ಬಗ್ಗೆ ಬರೆದಿದ್ದೇನೆ. ರವಿಯ ಬಗ್ಗೆ ಬರೆದಿರಲಿಲ್ಲ. ಅವನು ಇಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಮದುವೆಯಾಗಿರಲಿಲ್ಲ, ಅವ್ವನ ಜೊತೆ ಕ್ವಾರ್ಟರ್ಸ್‌ನಲ್ಲಿದ್ದ. (ಅವ್ವ ಈಗ ನನ್ನ ಜೊತೆ ಇದ್ದಾಳೆ.) ಅವನು ಆತ್ಮಹತ್ಯೆ ಮಾಡಿಕೊಂಡ. ಊರಿಗೆಲ್ಲ ನಾವು ಹೇಳಿದ್ದು ಹಾರ್ಟ್ ಅಟ್ಯಾಕ್.

ಮೊದಲು ಹೇಳಿದವಳು ಅವ್ವ. ಸತ್ತ ಮಗನ ಹೆಸರನ್ನು ನಾಲ್ಕು ಮಂದಿ ಬಾಯಿಗೆ ಹಾಕಿಕೊಂಡು ಅಗಿಯಬಾರದು ಎನ್ನುವುದು ಅವಳ ಹಟ. ನಾವೂ ಹೂಂ ಅಂದೆವು.

ಆದರೆ ಹಾರ್ಟ್ ಅಂದುಬಿಟ್ಟರೆ ಮುಗಿಯಿತೇ? ಬಿಪಿ ಇತ್ತೇನು? ಶುಗರ್? ಇಷ್ಟು ಸಣ್ಣ ವಯಸ್ಸಿನಾಗ ಹೆಂಗ? ಬಂದವರೆಲ್ಲ ಕಾರಣ ಕೇಳುವವರೇ. ಕೊನೆಗೆ ಅವ್ವ ಭಜಿಯನ್ನು ಹಿಡಿದುಕೊಂಡಳು. "ಎಣ್ಣೀದು ಭಾಳ ತಿಂತಿದ್ದರಿ. ಮಿರ್ಚಿ ಭಜಿ ಇದ್ರ ಅಂವಗ ಊಟಾನ ಬ್ಯಾಡ." (ಅದೊಂದು ಮಾತ್ರ ನಿಜ.) ಕೇಳಿದವರಿಗೆ ಸಮಾಧಾನವಾಯಿತು. ತಮ್ಮ ಮನೆಯ ಗಂಡಸರಿಗೆ ಎಣ್ಣೆ ಕಡಿಮೆ ಮಾಡಿದರು.

ಮಗನನ್ನು ಕೊಂದದ್ದು ಭಜಿ ಎಂದು ಹೇಳಿದ ಮನೆಯಲ್ಲಿ ಮತ್ತೆ ಭಜಿ ಕರಿಯುವುದು ಹೇಗೆ? ಬಾಣಲೆ ಅಟ್ಟಕ್ಕೆ ಹೋಯಿತು. ಯಾರೇ ಬರಲಿ, ಹಬ್ಬವೇ ಇರಲಿ, ಉಪ್ಪಿಟ್ಟು. ಸುಳ್ಳಿಗೂ ಒಂದು ಪಥ್ಯ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ರವಿಯ ಫ್ಯಾಕ್ಟರಿಯಿಂದ ಬಂದ ದುಡ್ಡನ್ನು ಅವ್ವ ಮುಟ್ಟಲಿಲ್ಲ. ಅದು ನಾನು ಕೆಲಸ ಮಾಡುವ ಬ್ಯಾಂಕಿನಲ್ಲೇ ಬಿದ್ದಿತ್ತು. ಅದೇ ಬ್ಯಾಂಕಿಗೆ ಬರುವ ಒಬ್ಬ ಡಾಕ್ಟರ್ ಬಾಯಿ (ಇಲ್ಲಿ ಮೇಡಂ ಅನ್ನುವುದು ಹೀಗೆ) ನನಗೆ ಪರಿಚಯ. ಮರಾಠಿಯವರು, ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯೆ. ಜೀವ ಕಳೆದುಕೊಳ್ಳಲು ಹೋಗಿ ಉಳಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾಗುತ್ತಾರೆ? ಒಬ್ಬರು ಆಗಾಗ ಅವರ ಮನೆಗೆ ಹೋಗಿ, ಕೂತು, ಮುಚ್ಚುಮರೆ ಇಲ್ಲದೆ ಕೇಳಿದರೆ ಏನಾದರೂ ಬದಲಾಗುತ್ತದೆಯೇ? ಇದು ಅವರು ಕಂಡುಕೊಳ್ಳಬೇಕೆಂದಿರುವ ವಿಷಯ. "ಮಷೀನು ಬೇಕಂದರೆ ದಾನ ಮಾಡುವವರಿದ್ದಾರೆ. ಹೋಗಿ ಕೂತು ಮಾತಾಡಿಸುವ ಹುಡುಗಿಯರ ಸಂಬಳಕ್ಕೆ ಯಾರು ಕೊಡುತ್ತಾರೆ?" ಎಂದರು ಒಮ್ಮೆ.

ಅವ್ವನಿಗೆ ಹೇಳಿದೆ.

"ಕೊಡು. ಆದ್ರ ಕಾರ್ಡಿನ್ಯಾಗ ಯಾವುದಕ್ಕ ಅಂತ ಹಾಕಸಬ್ಯಾಡ."

ಹಾಕಿಸಲಿಲ್ಲ. ಸೀತಾಬರ್ಡಿಯಲ್ಲಿ ಕಾರ್ಡು ಪ್ರಿಂಟಾಯಿತು: ರವಿ ಸ್ಮಾರಕ ಸಂಶೋಧನಾ ನಿಧಿಯ ಉದ್ಘಾಟನೆ, ಡಾಕ್ಟರ್ ಆಗಮಿಸುತ್ತಾರೆ, ತಾವೂ ಬನ್ನಿ. ಹಾರ್ಟಿನಿಂದ ಹೋದ ಹುಡುಗನ ಹೆಸರು, ಸಂಶೋಧನೆ, ಮೇಲೆ ಒಬ್ಬ ಡಾಕ್ಟರ್. ನೀವಾಗಿದ್ದರೆ ಏನು ತಿಳಿದುಕೊಳ್ಳುತ್ತಿದ್ದಿರಿ?

ನಮ್ಮ ಕನ್ನಡ ಸಂಘದ ಕುಲಕರ್ಣಿ ಕಾಕಾ ಅದನ್ನೇ ತಿಳಿದುಕೊಂಡರು. ತಿಳಿದುಕೊಂಡು ಸುಮ್ಮನಿರದೆ, ಹಾರ್ಟಿನ ರಿಪೋರ್ಟ್ ತನ್ನಿರಿ ಎಂದು ಊರೆಲ್ಲ ಫೋನ್ ಮಾಡಿದರು. ಅಂದು ಮೈಕ್ ಹಿಡಿದು, "ಜಲ್ದಿ ಮಾಡಬ್ಯಾಡ್ರಿ, ಬರೋಬರ್ ಲೈನ್ ಹಚ್ಚರಿ, ಡಾಕ್ಟರ್ ಬಾಯಿ ಎಲ್ಲಾರ ಹಾರ್ಟೂ ನೋಡ್ತಾರ" ಎಂದೂ ಹೇಳಿಬಿಟ್ಟರು.

ಲೈನ್ ಹತ್ತಿತು.

ಡಾಕ್ಟರ್ ಬಾಯಿ ನನ್ನ ಕಿವಿಯಲ್ಲಿ, "ನಾನು ಏನು ಹೇಳಲಿ?" ಎಂದು ಹಿಂದಿಯಲ್ಲಿ ಕೇಳಿದರು. ನನಗೇನು ಗೊತ್ತು? ನಿಜ ಹೇಳಿದರೆ ಅವ್ವ ಮೂರು ವರ್ಷ ಕಾಪಾಡಿಕೊಂಡು ಬಂದದ್ದು ಎಲ್ಲರ ಎದುರಿಗೆ ಬೀಳುತ್ತದೆ. ಹೇಳದಿದ್ದರೆ ರವಿಯ ಹೆಸರಿನ ಈ ನಿಧಿ ಯಾರಿಗಾಗಿ ಹುಟ್ಟಿತೋ ಅವರಿಗೆ ಗೊತ್ತೇ ಆಗುವುದಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ನೆಲ ನೋಡುತ್ತಿದ್ದಳು.

ಲೈನಿನಲ್ಲಿ ಮೊದಲು ನಿಂತಿದ್ದವರು ಪಾಟೀಲ ಕಾಕಾ. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು, ಹೆಂಡತಿ ತೀರಿಕೊಂಡ ಮೇಲೆ ಕನ್ಹಾನ್‌ನಲ್ಲಿ ಒಬ್ಬರೇ ಇದ್ದಾರೆ. ಅಲ್ಲಿಂದ ಬಸ್ ಹಿಡಿದು ಬಂದಿದ್ದರು. ಡಾಕ್ಟರ ಕಡೆ ಹೋಗುವ ಮೊದಲು ಅವ್ವನ ಮುಂದೆ ಬಂದು ಕೈಮುಗಿದರು.

"ಅಕ್ಕಾರ, ರವಿ ಹೋದರೂ ನಮಗೆಲ್ಲ ಹಾರ್ಟಿಂದು ದಾರಿ ಮಾಡಿಟ್ಟ ನೋಡ್ರಿ."

ಅವ್ವ ತಲೆ ಎತ್ತಿದಳು. ಅವರ ಕೈಯಲ್ಲಿದ್ದ ಸುರುಳಿ ನೋಡಿದಳು. ಆಮೇಲೆ ಮೆಲ್ಲಗೆ ಎದ್ದು ನಿಂತಳು.

"ಪಾಟೀಲರ, ಆ ಕಾಗದಾ ಒಳಗ ಇಡ್ರಿ. ನನ್ನ ಮಗಗ ಹಾರ್ಟಿಂದು ಏನೂ ಆಗಿದ್ದಿಲ್ಲ. ಅಂವಾ ತನ್ನ ಜೀವಾ ತಾನ ತಗೊಂಡ. ಈ ಬಾಯಿ ಅಂಥವ್ರ ಸಲುವಾಗಿ ಬಂದಾರ. ಭಜೀದೇನೂ ತಪ್ಪಿಲ್ಲ."

ಕುಲಕರ್ಣಿ ಕಾಕಾ ಮೈಕ್ ಆಫ್ ಮಾಡಿದರು. (ಅವರು ತಾವಾಗಿ ಮೈಕ್ ಆಫ್ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.)

ಕೆಲವರು ಚಪ್ಪಲಿ ಹುಡುಕಿಕೊಂಡು ಹೊರಟರು. ಹೋಗಲಿ. ಇಸಿಜಿಗಳು ಒಂದೊಂದಾಗಿ ಚೀಲದೊಳಗೆ ಹೋದವು. ಸಿಂಧು ಕಾಕೂ ಬಂದು ಅವ್ವನ ಪಕ್ಕ ಕೂತು, ಒಂದು ಸಂತ್ರ ಸುಲಿದು, ಅರ್ಧ ಅವಳ ಕೈಯಲ್ಲಿಟ್ಟು ಉಳಿದರ್ಧ ತಿಂದರು.

ಪಾಟೀಲ ಕಾಕಾ ಮಾತ್ರ ಅಲ್ಲೇ ನಿಂತಿದ್ದರು.

"ಅಕ್ಕಾರ, ನಂದು ಪ್ರತಿ ಸಲ ನಾರ್ಮಲ್ ಬರತೈತಿ," ಎಂದರು. "ಎದಿ ಮ್ಯಾಲ ಯಾರೋ ಕುಂತಂಗ ಆಗೂದು ಮಾತ್ರ ನಿಲ್ಲವಲ್ದು. ಆಕಿ ಹೋದಾಗಿಂದ ಹಿಂಗ. ಏನೂ ಆಗಿಲ್ಲ, ಮನೀಗೆ ಹೋಗ್ರಿ ಅಂತಾರ. ಮನೀಗೆ ಹೋಗಿ ಏನ ಮಾಡ್ಲಿ?"

ಡಾಕ್ಟರ್ ಬಾಯಿಗೆ ಕನ್ನಡ ಬರುವುದಿಲ್ಲ. ಆದರೂ ಎದ್ದರು. ಹಿಂದಿನ ಬೆಂಚಿಗೆ ಕರೆದುಕೊಂಡು ಹೋಗಿ ಹಿಂದಿಯಲ್ಲಿ ಕೇಳಿದರು, ಬದುಕುವುದು ಬೇಡ ಅನಿಸುತ್ತದೆಯೇ ಎಂದು. ಊಟ ಆಯಿತೇ ಎಂದು ಕೇಳುವಷ್ಟು ಸಹಜವಾಗಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ನಾವು ಹೆದರುತ್ತೇವೆ. ಹಾಗಾಗುವುದಿಲ್ಲ, ಕೇಳಿದರೆ ಹೇಳುವವನಿಗೆ ಹಗುರಾಗುತ್ತದೆ ಎಂದು ಡಾಕ್ಟರ್ ಬಾಯಿ ನನಗೆ ಮೊದಲೇ ಹೇಳಿದ್ದರು. ಕಣ್ಣಾರೆ ನೋಡಿದ್ದು ಅಂದು. ಪಾಟೀಲ ಕಾಕಾ ಮೊದಲು ತಲೆ ಅಲ್ಲಾಡಿಸಿದರು. ಆಮೇಲೆ ಕನ್ನಡಕ ತೆಗೆದರು. ಆಮೇಲೆ ಮಾತಾಡತೊಡಗಿದರು, ಮಾತಾಡಿಯೇ ಮಾತಾಡಿದರು.

ಲೈನು ಪೂರ್ತಿ ಚದುರಲಿಲ್ಲ. ಅವರ ಹಿಂದೆ ಇನ್ನೂ ಕೆಲವರು ನಿಂತೇ ಇದ್ದರು, ಕೈಯಲ್ಲಿ ಯಾವ ರಿಪೋರ್ಟೂ ಇಲ್ಲದೆ.

ಹೋಗುವಾಗ ಪಾಟೀಲ ಕಾಕಾ ನನಗೆ, "ಗುರುವಾರ ಒಬ್ಬ ಹುಡುಗೀನ್ನ ಕಳಸ್ತಾರಂತ, ನಮ್ಮ ಮನೀಗೆ" ಎಂದರು. ನಮ್ಮ ಮನೀಗೆ ಎನ್ನುವಾಗ ಅವರ ದನಿ ಬೇರೆಯಾಗಿತ್ತು. ಆ ಹುಡುಗಿಯ ಸಂಬಳ ರವಿಯದು. ಅಷ್ಟು ನೆನೆದು ನಾನು ಅಡುಗೆಯವರ ಲೆಕ್ಕ ನೋಡುವ ನೆಪ ಮಾಡಿ ಒಳಗೆ ಹೋದೆ.

ಆಟೋದಲ್ಲಿ ಬರುವಾಗ ಅವ್ವ ಒಂದೇ ಮಾತಾಡಿದಳು. "ಇನ್ನ ಯಾರಿಗೆ ಏನ ಹೇಳೀನಿ ಅಂತ ನೆನಪ ಇಡೂದ ಬ್ಯಾಡ."

ಮರುದಿನ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಬಾಣಲೆ ಅಟ್ಟದಿಂದ ಇಳಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಿದ್ದಳು.

ಶುಕ್ರವಾರ ಸಂಜೆ ಪಾಟೀಲ ಕಾಕಾ ಬಂದರು. ಹುಡುಗಿ ಬಂದು ಹೋದಳಂತೆ. ಇವರು ಮಾಡಿದ ಚಹಾಕ್ಕೆ ಸಕ್ಕರೆ ಜಾಸ್ತಿ ಎಂದು ಬೈದಳಂತೆ. ಮತ್ತೆ ಬರುತ್ತಾಳಂತೆ. ಅವ್ವ ಅವರ ತಟ್ಟೆಗೆ ಬಿಸಿ ಮಿರ್ಚಿ ಭಜಿ ಹಾಕಿ, ಸಾಕೇ ಎಂಬಂತೆ ನೋಡಿದಳು.

"ನಂದು ಇಸಿಜಿ ನಾರ್ಮಲ್ ಐತ್ರಿ ಅಕ್ಕಾರ," ಎಂದರು ಪಾಟೀಲ ಕಾಕಾ. "ಇನ್ನೆರಡು ಹಾಕ್ರಿ."