ಕತ್ತಿ ತೋರಿಸಿದ ಆಕಾಶ

ಸಂಜೆ ಗಗನನೌಕೆ ಹೊಳೆಯುವ ಚುಕ್ಕಿಯಂತೆ ಹಾದುಹೋಗುತ್ತದೆಂದರೆ ನಮ್ಮ ಬೀದಿಯ ಕ್ಷೌರಿಕನಿಗೆ ಗಿರಾಕಿಯ ಗಡ್ಡ ಲೆಕ್ಕಕ್ಕಿಲ್ಲ. ಅರ್ಧ ಬೋಳಿಸಿದ್ದರೂ ಸರಿ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎಲ್ಲರನ್ನೂ ಹೊರಗೆಳೆದು ತರುತ್ತಾನೆ. “ಗಡ್ಡ ಎಲ್ಲಿಗೂ ಹೋಗಲ್ಲ ಸ್ವಾಮಿ, ಅದು ಹೋಗ್ಬಿಡುತ್ತೆ,” ಎನ್ನುತ್ತ ಕ್ಷೌರದ ಕತ್ತಿ ಎತ್ತಿ ತೋರಿಸುತ್ತಾನೆ. ಅದರೊಳಗಿರುವವರಿಗೆ ಊಟವಾಯಿತೋ ಇಲ್ಲವೋ ಎಂದು ಹೆತ್ತಮ್ಮನಂತೆ ಮರುಗುತ್ತಾನೆ. ನಿನ್ನೆ ಅವನನ್ನು ಗೋಳುಹೊಯ್ದುಕೊಳ್ಳಲೆಂದು ನಾವೆಲ್ಲ ಬೇಕೆಂದೇ ಖಾಲಿ ಆಕಾಶದತ್ತ ಮುಖವೆತ್ತಿದೆವು. ಕತ್ತಿಯೂ ಅತ್ತಲೇ ಎದ್ದಿತು. “ನೋಡಿ, ರಾಜನ ಥರ ಹೋಗ್ತಿದೆ,” ಎಂದ. ನಿಜವಾದ ನೌಕೆ ನಮ್ಮ ಬೆನ್ನ ಹಿಂದೆ, ನೀರಿನ ಟ್ಯಾಂಕಿನ ಮೇಲೆ ಸಾಗುತ್ತಿತ್ತು. ದೂರದ್ದು ಕಾಣದ ಅವನಿಗೆ ಇಷ್ಟು ದಿನ ಕಾಣುತ್ತಿದ್ದದ್ದು ನಮ್ಮ ಮುಖ ಮಾತ್ರ ಎಂದು ಆಗ ಹೊಳೆಯಿತು. ಯಾರೂ ನಗಲಿಲ್ಲ. ಅರ್ಧ ಗಡ್ಡದ ನಾನು ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಅವನ ಕತ್ತಿಗೆ ಕೊರಳೊಡ್ಡಿದೆ.